ಪಾಂಡವಪುರದ ಶೆಡ್ಡಿಗೆ ಸರಿಯಾದ ಗಾಳಿ: ಓಪನ್‌ಫೋಮ್‌ನ ಎರಡು ಇನ್ಲೆಟ್‌ಗಳು, ನಾಲ್ಕು ತಿಂಗಳು ಬಳಸಿದ ಮೇಲೆ

ಪಾಂಡವಪುರದ ಹತ್ತಿರ ಒಂದು ಭತ್ತದ ಗಿರಣಿ. ಅದರ ಗೋಡೌನ್ ಶೆಡ್ಡಿನ ಮೂಲೆಯ ಶೀಟುಗಳು ಹೋದ ವರ್ಷ ಭರಣಿ ಮಳೆಯ ಗಾಳಿಗೆ ಎದ್ದು ಹಾರಿ ಪಕ್ಕದ ಕಬ್ಬಿನ ಗದ್ದೆಗೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಮಾಲೀಕರು ಹೊಸ ಶೀಟು ಹಾಕಿಸಿ ಅದರ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಬೇಕು ಅಂತ ಹೊರಟರು. ಹಾಗೆ ಆ ಕೆಲಸ ಮೈಸೂರಿನ ನಮ್ಮ ಪುಟ್ಟ ಆಫೀಸಿಗೆ ಬಂತು. ಮೂಲೆಯಲ್ಲಿ ಗಾಳಿ ಎಷ್ಟು ಜೋರಾಗಿ ಮೇಲಕ್ಕೆ ಎಳೆಯುತ್ತದೆ, ಎಷ್ಟು ಸ್ಕ್ರೂ ಬೇಕು, ಪ್ಯಾನೆಲ್ಲನ್ನು ಅಂಚಿನಿಂದ ಎಷ್ಟು ಒಳಗೆ ಇಡಬೇಕು. ಅವರು ಕೇಳಿದ್ದು ಇಷ್ಟೇ.

ಸಾಮಾನ್ಯ ಶೆಡ್ಡಿಗೆ ಗಾಳಿಯ ಹೊರೆ ಲೆಕ್ಕ ಹಾಕುವ ಭಾರತದ ಕೋಡ್, ಐಎಸ್ 875 ಭಾಗ 3, ಸಾಕು, 2015ರ ಆವೃತ್ತಿ. ಆದರೆ ಇಲ್ಲಿ ಪಕ್ಕದಲ್ಲೇ ಎತ್ತರದ ಗಿರಣಿ ಕಟ್ಟಡ, ಮೇಲೆ ಓರೆಯಾಗಿ ನಿಲ್ಲುವ ಪ್ಯಾನೆಲ್ ಸಾಲು. ಕೋಡಿನ ಟೇಬಲ್‌ಗಳಲ್ಲಿ ಇದಕ್ಕೆ ನೇರ ಉತ್ತರ ಇಲ್ಲ. ಕಂಪ್ಯೂಟರ್‌ನಲ್ಲೇ ಗಾಳಿ ಬೀಸಿಸಿ ನೋಡೋಣ ಅಂತ, ಹರಿವಿನ ಲೆಕ್ಕ ಹಾಕುವ ಉಚಿತ ತಂತ್ರಾಂಶ ಓಪನ್‌ಫೋಮ್ ಹಿಡಿದೆ. ಈ ರಿವ್ಯೂ ಇಡೀ ಓಪನ್‌ಫೋಮ್ ಬಗ್ಗೆ ಅಲ್ಲ. ಕಂಪ್ಯೂಟರ್‌ನಲ್ಲಿ ಶೆಡ್ಡಿನ ಸುತ್ತ ಕಟ್ಟಿದ ಕಾಲ್ಪನಿಕ ಡಬ್ಬಿಯೊಳಗೆ ಗಾಳಿ ಬರುವ ಬಾಗಿಲು ಇದೆಯಲ್ಲ, ಇನ್ಲೆಟ್, ಅಲ್ಲಿ ನಿಜವಾದ ಗಾಳಿಯ ಏರಿಳಿತ ಹುಟ್ಟಿಸುವ ಎರಡು ಸಲಕರಣೆಗಳ ಬಗ್ಗೆ ಮಾತ್ರ. ಒಂದರ ಹೆಸರು ಟರ್ಬುಲೆಂಟ್ ಡಿಎಫ್‌ಸೆಮ್ ಇನ್ಲೆಟ್. ಇನ್ನೊಂದು ಟರ್ಬುಲೆಂಟ್ ಡಿಜಿಟಲ್ ಫಿಲ್ಟರ್ ಇನ್ಲೆಟ್. ಓಪನ್‌ಫೋಮ್‌ನಲ್ಲಿ ಎರಡು ಮುಖ್ಯ ಕವಲುಗಳಿವೆ. ನಾನು ಬಳಸಿದ್ದು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ, ಹೊಸ ಆವೃತ್ತಿ ಬಿಡುವ ಡಾಟ್ ಕಾಮ್ ಕವಲು. ಎರಡೂ ಅದರಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಇನ್ಲೆಟ್ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ವಿಶ್ವೇಶ್ವರಯ್ಯ ನಾಲೆಯ ಯಾವುದಾದರೂ ತೂಬಿನ ಹತ್ತಿರ ಹೋಗಿ ಐದು ನಿಮಿಷ ನೀರು ನೋಡಿ. ತೂಬಿನ ಹಿಂದೆ ನೀರು ಹೇಗಿತ್ತು ಅನ್ನುವುದರ ಮೇಲೆ ಮುಂದಿನ ಕಾಲುವೆಯಲ್ಲಿ ಸುಳಿ ಎಲ್ಲಿ ಏಳುತ್ತದೆ, ದಡ ಎಲ್ಲಿ ಕೊರೆಯುತ್ತದೆ ಎಲ್ಲವೂ ನಿಂತಿದೆ. ಗಾಳಿಯೂ ಹಾಗೆಯೇ. ಶೆಡ್ಡಿಗೆ ಬಂದು ಬಡಿಯುವ ಗಾಳಿ ಕಿಲೋಮೀಟರ್‌ಗಟ್ಟಲೆ ಗದ್ದೆ, ತೆಂಗಿನ ತೋಟ, ಮನೆ ಎಲ್ಲ ದಾಟಿ, ಸುಳಿ ತುಂಬಿಕೊಂಡು ಬಂದಿರುತ್ತದೆ. ನಮ್ಮ ಕಂಪ್ಯೂಟರ್ ಡಬ್ಬಿ ಇರುವುದು ಶೆಡ್ಡಿನ ಸುತ್ತ ಇನ್ನೂರು ಮೀಟರ್. ಆ ಕಿಲೋಮೀಟರ್‌ಗಳ ಕಥೆಯನ್ನೆಲ್ಲ ಇನ್ಲೆಟ್ ಅನ್ನುವ ಒಂದು ಗೋಡೆಯ ಮೇಲೆ ನಾವೇ ಬರೆದುಕೊಡಬೇಕು. ಸಮತಟ್ಟಾದ, ಏರಿಳಿತವೇ ಇಲ್ಲದ ಗಾಳಿ ಕೊಟ್ಟರೆ ಉತ್ತರ ಬರುತ್ತದೆ, ಆದರೆ ಅಪಾಯದ ಕಡೆಗೆ ತಪ್ಪಾದ ಉತ್ತರ. ಬರುವ ಗಾಳಿಯಲ್ಲಿ ಟರ್ಬುಲೆನ್ಸ್, ಅಂದರೆ ಸುಳಿ ತುಂಬಿದ ಏರಿಳಿತ, ಇದ್ದರೆ ಛಾವಣಿಯ ಅಂಚಿನಲ್ಲಿ ಬೇರ್ಪಟ್ಟ ಗಾಳಿ ಬೇಗ ಮತ್ತೆ ಬಂದು ಅಂಟಿಕೊಳ್ಳುತ್ತದೆ, ಮತ್ತು ಆ ಅಂಚಿನ ಹತ್ತಿರವೇ ಎಳೆತದ ಗರಿಷ್ಠ ಮಟ್ಟ ಜಾಸ್ತಿಯಾಗುತ್ತದೆ. ಶೀಟು ಕಿತ್ತು ಹೋಗುವುದು ಸರಾಸರಿ ಗಾಳಿಗಲ್ಲ. ಆ ಒಂದೆರಡು ಸೆಕೆಂಡಿನ ಗರಿಷ್ಠಕ್ಕೆ.

ಮೊದಲು ಲೆಕ್ಕ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಭಾಗಕ್ಕೆ ಕೋಡಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅದು 10 ಮೀಟರ್ ಎತ್ತರದಲ್ಲಿ, 3 ಸೆಕೆಂಡಿನ ಗಾಳಿ ಹೊಡೆತ. ಬಯಲು ಪ್ರದೇಶಕ್ಕೆ, ಅಂದರೆ 2ನೇ ವರ್ಗದ ನೆಲಕ್ಕೆ, ಗಂಟೆಯ ಸರಾಸರಿ ಸುಮಾರು 0.67 ಪಟ್ಟು, ಅಂದರೆ ಸೆಕೆಂಡಿಗೆ 22 ಮೀಟರ್. ಶೆಡ್ 9 ಮೀಟರ್ ಎತ್ತರ. ಆ ಎತ್ತರದಲ್ಲಿ ಕೋಡಿನ ಸೂತ್ರದಿಂದ ಟರ್ಬುಲೆನ್ಸ್ ತೀವ್ರತೆ ಶೇಕಡ 19ರ ಹತ್ತಿರ ಬರುತ್ತದೆ. ಅಂದರೆ ಗಾಳಿಯ ವೇಗ ಸರಾಸರಿಯಿಂದ ಸುಮಾರು 4 ಮೀಟರ್ ಆಚೀಚೆ ಓಲಾಡುತ್ತದೆ. ಅಡ್ಡ ದಿಕ್ಕಿನ ಓಲಾಟ ಅದರ ಮುಕ್ಕಾಲು ಪಾಲು, ಮೇಲೆ ಕೆಳಗಿನದು ಅರ್ಧ. ಇನ್ನೊಂದು ಮುಖ್ಯ ಅಂಕಿ ಸುಳಿಯ ಗಾತ್ರ, ಇಂಟೆಗ್ರಲ್ ಲೆಂತ್ ಸ್ಕೇಲ್. ಕೋಡಿನ ಪ್ರಕಾರ 10 ಮೀಟರ್ ಎತ್ತರದಲ್ಲಿ ಅದು 85 ಮೀಟರ್, ಶೆಡ್ಡಿನ ಎತ್ತರಕ್ಕೆ 83. ಈ 83 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ನನ್ನ ಎರಡು ತಿಂಗಳು ತಿಂದದ್ದು ಅದೇ.

ಡಬ್ಬಿಯ ಅಳತೆ ಎಲ್ಲರೂ ಪಾಲಿಸುವ ರೂಢಿಯದ್ದೇ. ಕಟ್ಟಡದ ಎತ್ತರದ 5 ಪಟ್ಟು ಮುಂದೆ, ಪಕ್ಕದಲ್ಲಿ ಮತ್ತು ಮೇಲೆ, 15 ಪಟ್ಟು ಹಿಂದೆ. ನನಗೆ ಅದು 210 ಮೀಟರ್ ಉದ್ದ, 110 ಅಗಲ, 54 ಎತ್ತರ. ಸುಮಾರು 40 ಲಕ್ಷ ಸೆಲ್, ಅಂದರೆ ಲೆಕ್ಕಕ್ಕೆ ಡಬ್ಬಿಯನ್ನು ಒಡೆದ ಪುಟ್ಟ ತುಂಡುಗಳು.

ಮೊದಲು ಸುಮ್ನೆ ರ‍್ಯಾಂಡಮ್ ನಂಬರ್ ಹಾಕಿ ನೋಡಿದೆ. ಸರಾಸರಿ ವೇಗದ ಮೇಲೆ ಪ್ರತಿ ಸೆಲ್ಲಿಗೂ ಕಾಲದ ಪ್ರತಿ ಹೆಜ್ಜೆಗೂ ಒಂದು ಲಾಟರಿ ಅಂಕಿ. ಇದನ್ನು ಯಾರೂ ಮಾಡಬೇಡಿ. ಅಂಥ ಗದ್ದಲದಲ್ಲಿ ಪಕ್ಕದ ಸೆಲ್ಲಿಗೂ ಈ ಸೆಲ್ಲಿಗೂ ಸಂಬಂಧವೇ ಇರುವುದಿಲ್ಲ, ಈ ಕ್ಷಣಕ್ಕೂ ಮುಂದಿನ ಕ್ಷಣಕ್ಕೂ ನಂಟಿಲ್ಲ. ನಿಜವಾದ ಗಾಳಿಯಲ್ಲಿ ಶಕ್ತಿ ಹೆಚ್ಚಿರುವುದು ದೊಡ್ಡ ಸುಳಿಗಳಲ್ಲಿ. ಅವು ಒಡೆದು ಚಿಕ್ಕದಾಗುತ್ತಾ ಹೋಗುತ್ತವೆ, ಚಿಕ್ಕ ಸುಳಿಗಳ ಕಡೆ ಶಕ್ತಿ ಹೇಗೆ ಇಳಿಯುತ್ತದೆ ಅನ್ನುವ, ಕೊಲ್ಮೊಗೊರೊವ್ ಅವರ 1941ರ ಸಿದ್ಧಾಂತದ ಮೈನಸ್ ಐದು ಬೈ ಮೂರರ ಇಳಿಜಾರು ಬರುವುದು ಅಲ್ಲಿಂದ. ಲಾಟರಿ ಗದ್ದಲದಲ್ಲಿ ಶಕ್ತಿ ಎಲ್ಲ ಗಾತ್ರಕ್ಕೂ ಸಮನಾಗಿ ಹಂಚಿಹೋಗಿರುತ್ತದೆ. ಒಳಗೆ ಬಂದ ಕೆಲವೇ ಸೆಲ್‌ಗಳಲ್ಲಿ ಅದು ಸತ್ತುಹೋಗುತ್ತದೆ. ನನ್ನ ರನ್‌ನಲ್ಲಿ ಇನ್ಲೆಟ್‌ನಲ್ಲಿ ಶೇಕಡ 19 ಕೊಟ್ಟರೆ ಶೆಡ್ಡಿನ ಜಾಗ ತಲುಪುವಷ್ಟರಲ್ಲಿ 2 ಕೂಡ ಉಳಿದಿರಲಿಲ್ಲ.

ಆಮೇಲೆ ಡಿಎಫ್‌ಸೆಮ್. ಇದರ ಹಿಂದಿನ ಯೋಚನೆ ನನಗೆ ತುಂಬ ಇಷ್ಟ. 2006ರಲ್ಲಿ ಜಾರಿನ್ ಮತ್ತು ಜೊತೆಗಾರರು ಸಿಂಥೆಟಿಕ್ ಎಡ್ಡಿ ಮೆಥಡ್ ಅಂತ ಒಂದು ದಾರಿ ತೋರಿಸಿದರು. ಇನ್ಲೆಟ್ ಸುತ್ತ ಒಂದು ಕಾಣದ ಪೆಟ್ಟಿಗೆ ಇದೆ ಅಂದುಕೊಳ್ಳಿ. ಅದರೊಳಗೆ ಸುಳಿಗಳನ್ನು ಚೆಲ್ಲುವುದು. ಅವು ಸರಾಸರಿ ವೇಗದಲ್ಲಿ ತೇಲಿ ಇನ್ಲೆಟ್ ದಾಟುತ್ತವೆ. ದಾಟಿ ಹೋದ ಸುಳಿ ಪೆಟ್ಟಿಗೆಯ ಹಿಂಬದಿಯಲ್ಲಿ ಮತ್ತೆ ಹೊಸ ಜಾಗದಲ್ಲಿ ಹುಟ್ಟುತ್ತದೆ. ಒಂದೊಂದು ಸೆಲ್ಲಿನ ಮೇಲೂ ಆ ಕ್ಷಣ ಹತ್ತಿರ ಇರುವ ಸುಳಿಗಳ ಪ್ರಭಾವ ಕೂಡಿಸಿದರೆ ಅದೇ ಗಾಳಿಯ ಏರಿಳಿತ. 2013ರಲ್ಲಿ ಪೊಲೆಟ್ಟೊ, ಕ್ರಾಫ್ಟ್, ರೆವೆಲ್ ಇದನ್ನೇ ಇನ್ನಷ್ಟು ತಿದ್ದಿದರು. ಹಳೆಯ ವಿಧಾನದಲ್ಲಿ ಚೆಲ್ಲಿದ ಏರಿಳಿತ ದ್ರವ್ಯರಾಶಿಯ ಲೆಕ್ಕಕ್ಕೆ ಕೂಡಿಬರುತ್ತಿರಲಿಲ್ಲ. ಒಂದು ಕಡೆ ಎಷ್ಟು ಗಾಳಿ ಬಂತೋ ಅಷ್ಟೇ ಇನ್ನೊಂದು ಕಡೆ ಹೋಗಬೇಕು ಅನ್ನುವ ನಿಯಮ ಮುರಿಯುತ್ತಿತ್ತು. ಅವರು ಸುಳಿಯ ಆಕಾರವನ್ನೇ ಆ ನಿಯಮಕ್ಕೆ ಒಪ್ಪುವ ಹಾಗೆ ಕಟ್ಟಿದರು. ಡಿಎಫ್ ಅಂದರೆ ಡೈವರ್ಜೆನ್ಸ್ ಫ್ರೀ. ನಿಜವಾದ ಗಾಳಿ ಹೇಗೆ ಚಲಿಸುತ್ತದೆ ಅನ್ನುವುದನ್ನು ಕಣ್ಣಾರೆ ಕಂಡವರು ಮಾಡಿದ ಕೆಲಸ ಅನ್ನಿಸುತ್ತದೆ.

ಬಳಸುವುದು ಸುಲಭ. ಸರಾಸರಿ ವೇಗ, ಮೂರು ದಿಕ್ಕಿನ ಏರಿಳಿತ ಮತ್ತು ಅವುಗಳ ನಡುವಿನ ನಂಟು ಹೇಳುವ ರೆನಾಲ್ಡ್ಸ್ ಸ್ಟ್ರೆಸ್‌ನ ಆರು ಅಂಕಿ, ಸುಳಿಯ ಗಾತ್ರ, ಡೆಲ್ಟಾ ಅನ್ನುವ, ಹರಿವಿನ ಒಟ್ಟು ಗಾತ್ರ ಹೇಳುವ ಒಂದು ಅಳತೆ. ಎತ್ತರಕ್ಕೆ ತಕ್ಕ ಹಾಗೆ ಬದಲಾಗುವ ಅಂಕಿಗಳನ್ನು ಬೌಂಡರಿ ಡೇಟಾ ಫೋಲ್ಡರ್‌ನಲ್ಲಿ ಇಟ್ಟರೆ ಅದೇ ಓದಿಕೊಳ್ಳುತ್ತದೆ. ಆರು ಅಂಕಿಗಳಲ್ಲಿ ಮುಂದಿನ ದಿಕ್ಕು ಮತ್ತು ಮೇಲಿನ ದಿಕ್ಕಿನ ಜೋಡಿ ಅಂಕಿ ಮೈನಸ್ ಇರಬೇಕು. ಕೆಳಗಿನ ನಿಧಾನದ ಗಾಳಿ ಮೇಲೆದ್ದಾಗ ಅಲ್ಲಿನ ವೇಗ ಕಡಿಮೆಯಾಗುತ್ತದೆ, ಮೇಲಿನ ಜೋರು ಗಾಳಿ ಕೆಳಗಿಳಿದಾಗ ಜಾಸ್ತಿಯಾಗುತ್ತದೆ, ಮೈನಸ್ ಬರುವುದು ಅದರಿಂದ. ಇದನ್ನು ಸೊನ್ನೆ ಬಿಟ್ಟರೂ ರನ್ ನಡೆಯುತ್ತದೆ, ಆದರೆ ಟರ್ಬುಲೆನ್ಸ್‌ಗೆ ಸರಾಸರಿ ಗಾಳಿಯಿಂದ ಶಕ್ತಿ ಸಿಗುವುದೇ ಈ ಅಂಕಿಯ ಮೂಲಕ. ಅದು ಇಲ್ಲದೆ ಕಳಿಸಿದರೆ ಸುಳಿಗಳು ಒಳಗೆ ಹೋಗಿ ತಾವೇ ಅದನ್ನು ಕಟ್ಟಿಕೊಳ್ಳುವ ತನಕ ಸೊರಗುತ್ತವೆ.

ಇನ್ನು ಆ 83ರ ವಿಷಯ. ಮೊದಲ ಸಲ ಸುಳಿಯ ಗಾತ್ರ 2 ಮೀಟರ್ ಕೊಟ್ಟೆ, ನನ್ನ ಹಳೆಯ ಡಕ್ಟ್ ಕೆಲಸದ ಅಭ್ಯಾಸದಿಂದ. ಟರ್ಬುಲೆನ್ಸ್ ಬೇಗ ಸತ್ತಿತು. ಎರಡನೇ ಸಲ ಕೋಡಿನ 83 ಕೊಟ್ಟೆ. ಸುಧಾರಿಸಿತು, ಆದರೆ 83 ಮೀಟರ್ ಸುಳಿಯ ಲಕ್ಷಣ ಎಲ್ಲೂ ಇರಲಿಲ್ಲ. ಅಂಕಿಯನ್ನು 60 ಮಾಡಿದೆ, 100 ಮಾಡಿದೆ. ಉತ್ತರದ ಸರಾಸರಿಗಳಲ್ಲಿ ಏನೂ ಬದಲಾಗಲಿಲ್ಲ. ಒಂದು ವಾರ ಇದೇ ಆಯಿತು. ಕೊನೆಗೆ ಸೋರ್ಸ್ ಕೋಡ್ ತೆರೆದು ಸಾಲು ಸಾಲು ಓದಿದೆ. ಅಲ್ಲಿ ಎರಡು ಮಿತಿಗಳಿವೆ. ನೀವು ಏನೇ ಕೊಡಿ, ಸುಳಿಯ ಗಾತ್ರ ಡೆಲ್ಟಾದ 0.41 ಪಟ್ಟಿಗಿಂತ ದೊಡ್ಡದಾಗುವುದಿಲ್ಲ. ಮತ್ತು ಒಂದು ಸುಳಿಗೆ ಕನಿಷ್ಠ ಇಷ್ಟು ಸೆಲ್ ಅಂತ ಇದೆ, ನೀವು ಹೇಳದಿದ್ದರೆ 5, ಅದಕ್ಕಿಂತ ಚಿಕ್ಕದಾಗುವುದೂ ಇಲ್ಲ. ನಾನು ಡೆಲ್ಟಾ ಅಂತ ಡಬ್ಬಿಯ ಎತ್ತರ 54 ಇಟ್ಟಿದ್ದೆ. ಹಾಗಾಗಿ ನನ್ನ 83, 60, 100 ಎಲ್ಲವೂ ಒಳಗೆ 22 ಮೀಟರ್ ಆಗುತ್ತಿದ್ದವು. ಇನ್ಲೆಟ್‌ನಲ್ಲಿ ಸೆಲ್ 1 ಮೀಟರ್, ಆದ್ದರಿಂದ ಮೊದಲ ಸಲದ 2 ಕೂಡ 5 ಆಗಿತ್ತು. ಈ ಮಿತಿಗಳಿಗೆ ಕಾರಣ ಇದೆ. ಗೋಡೆ ಪಕ್ಕದ ಹರಿವಿನಲ್ಲಿ ಸುಳಿ ಅದಕ್ಕಿಂತ ದೊಡ್ಡದಾಗುವುದಿಲ್ಲ ಅನ್ನುವ ಲೆಕ್ಕ ಅದು, ಮತ್ತು ಮೆಶ್, ಅಂದರೆ ಸೆಲ್‌ಗಳ ಜಾಲ, ಹಿಡಿಯಲಾರದ ಸುಳಿಯನ್ನು ಕಳಿಸಿ ಪ್ರಯೋಜನ ಇಲ್ಲ. ನನ್ನ ಬೇಡಿಕೆ ಒಂದೇ. ನೀವು ಕೊಟ್ಟ ಗಾತ್ರವನ್ನು ಇಷ್ಟಕ್ಕೆ ಇಳಿಸಿದ್ದೇವೆ ಅಂತ ಕಣ್ಣಿಗೆ ಬೀಳುವ ಹಾಗೆ ಒಂದು ಸಾಲು ಸ್ಕ್ರೀನಿನಲ್ಲಿ ಬರಬೇಕು. ನನ್ನ ಲಾಗ್‌ನಲ್ಲಿ ನನಗೆ ಅದು ಸಿಗಲಿಲ್ಲ.

ಸರಿ ಅಂತ ಡೆಲ್ಟಾವನ್ನು 200 ಮಾಡಿದೆ. ಈಗ 82 ಮೀಟರ್ ಸುಳಿ ಬಂತು. ಬಂದ ಮೇಲೆ ಇನ್ನೊಂದು ಕಷ್ಟ. ಡಿಎಫ್‌ಸೆಮ್ ತಗೊಳ್ಳುವುದು ಒಂದೇ ಗಾತ್ರ. ಸುಳಿ ಹೆಚ್ಚು ಕಡಿಮೆ ಚೆಂಡಿನ ಥರ. 82 ಮೀಟರ್ ಚೆಂಡು 54 ಮೀಟರ್ ಎತ್ತರದ ಇನ್ಲೆಟ್‌ನಲ್ಲಿ ಎಲ್ಲಿ ಹಿಡಿಸಬೇಕು? ಇಡೀ ಇನ್ಲೆಟ್ ಒಟ್ಟಿಗೆ ಉಸಿರಾಡಿದ ಹಾಗೆ ಜೋರಾಗುತ್ತದೆ, ನಿಧಾನವಾಗುತ್ತದೆ, ಅದರಲ್ಲಿ ಸುಳಿ ಅನ್ನುವುದೇ ಕಾಣಿಸುವುದಿಲ್ಲ. ನಿಜವಾದ ಗಾಳಿಯಲ್ಲಿ ನೆಲದ ಹತ್ತಿರ ಸುಳಿ ಚೆಂಡಿನ ಥರ ಇರುವುದೇ ಇಲ್ಲ. ಹೊಲದ ಮೇಲೆ ಗಾಳಿ ಬೀಸಿದಾಗ ಭತ್ತದ ಪೈರಿನ ಮೇಲೆ ಓಡುವ ಪಟ್ಟಿಗಳನ್ನು ನೋಡಿದ್ದೀರಾ? ಉದ್ದುದ್ದ, ಸಪೂರ. ಕೋಡಿನ 83 ಅನ್ನುವುದು ಗಾಳಿ ಹೋಗುವ ದಿಕ್ಕಿನ ಉದ್ದ ಮಾತ್ರ. ಅಗಲ, ಎತ್ತರ ಅದಕ್ಕಿಂತ ತುಂಬ ಕಡಿಮೆ.

ಹಾಗಾಗಿ ನನ್ನ ತೀರ್ಪು ಇದು. ಪೈಪು, ಡಕ್ಟು, ಚಾನೆಲ್ಲು, ಪಂಪಿನ ಒಳಹರಿವು ಇಂಥ ಕೆಲಸಕ್ಕೆ ಡಿಎಫ್‌ಸೆಮ್ ಕಣ್ಣು ಮುಚ್ಚಿ ತಗೊಳ್ಳಿ. ಜೊತೆಗೆ ಬರುವ ಪ್ಲೇನ್ ಚಾನೆಲ್ ಟ್ಯುಟೋರಿಯಲ್ ಓಡಿಸಿದರೆ ಅರ್ಧ ದಿನದಲ್ಲಿ ಕೈ ಪಳಗುತ್ತದೆ. ನೆಲದ ಮೇಲಿನ ಗಾಳಿಗೆ, ಕಟ್ಟಡಕ್ಕೆ, ನನಗೆ ಅದು ಒಗ್ಗಲಿಲ್ಲ.

ನಡುವೆ ಮೂರನೆಯ ದಾರಿಯನ್ನೂ ನೋಡಿದೆ, ಪ್ರಿಕರ್ಸರ್. ಮೊದಲು ಒಂದು ಖಾಲಿ ಡಬ್ಬಿಯಲ್ಲಿ ಹಿಂದಿನಿಂದ ಹೊರಟ ಗಾಳಿಯನ್ನೇ ಮುಂದಿನಿಂದ ಒಳಗೆ ಬಿಟ್ಟು, ಗಂಟೆಗಟ್ಟಲೆ ಸುತ್ತಿಸಿ, ತಾನಾಗಿ ಟರ್ಬುಲೆನ್ಸ್ ಬೆಳೆಯಲು ಬಿಡುವುದು. ಆಮೇಲೆ ಅದರ ಒಂದು ಅಡ್ಡ ಸೀಳನ್ನು ಪ್ರತಿ ಹೆಜ್ಜೆಗೂ ಬರೆದಿಟ್ಟುಕೊಂಡು ನಿಜವಾದ ರನ್‌ಗೆ ಉಣಿಸುವುದು. ಇದಕ್ಕೆ ಹತ್ತಿರದ ಇನ್ನೊಂದು ಉಪಾಯ 1998ರಲ್ಲಿ ಲಂಡ್, ವು, ಸ್ಕ್ವೈರ್ಸ್ ಕೊಟ್ಟದ್ದು. ಅದೇ ರನ್‌ನ ಒಳಗೆ ಸ್ವಲ್ಪ ಮುಂದಿನ ಸೀಳನ್ನು ಅಳತೆ ಸರಿಪಡಿಸಿ ಹಿಂದಕ್ಕೆ ತಂದು ಇನ್ಲೆಟ್‌ಗೆ ಹಾಕುವುದು. ಗುಣಮಟ್ಟದಲ್ಲಿ ಇವನ್ನು ಮೀರಿಸುವುದು ಕಷ್ಟ, ಯಾಕೆಂದರೆ ಸುಳಿಗಳು ಹರಿವಿನ ಸಮೀಕರಣದಿಂದಲೇ ಹುಟ್ಟಿದವು. ಆದರೆ ಪ್ರಿಕರ್ಸರ್‌ಗೆ ಖರ್ಚು ಸುಮಾರು ಎರಡು ಪಟ್ಟು, ಮತ್ತು ಸೀಳುಗಳ ಫೈಲ್‌ಗಳು ಡಿಸ್ಕ್ ತುಂಬುತ್ತವೆ. ಬಾಡಿಗೆ ಕಂಪ್ಯೂಟರ್‌ನಲ್ಲಿ ಇದನ್ನು ಮಾಡಲು ಹೋಗಿ ಒಂದು ಭಾನುವಾರ ರಾತ್ರಿ ಡಿಸ್ಕ್ ತುಂಬಿ ರನ್ ನಿಂತಿತು. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ ಸೋಮವಾರ ಮಧ್ಯಾಹ್ನದ ತನಕ ಉತ್ತರ ಇಲ್ಲ, ದಿನದ ಬಾಡಿಗೆ ಮಾತ್ರ ಲೆಕ್ಕಕ್ಕೆ ಬಂತು. ದೊಡ್ಡ ಯಂತ್ರ ಇದ್ದರೆ ಈ ದಾರಿ ಹಿಡಿಯಿರಿ, ನನಗೆ ಆಗಲಿಲ್ಲ.

ಕೊನೆಗೆ ನೆಲೆ ನಿಂತದ್ದು ಡಿಜಿಟಲ್ ಫಿಲ್ಟರ್‌ನಲ್ಲಿ. 2003ರಲ್ಲಿ ಕ್ಲೈನ್, ಸಾದಿಕಿ, ಯಾನಿಕಾ ತಂದ ವಿಧಾನ. ಮೂಲ ವಸ್ತು ಅದೇ ಲಾಟರಿ ಗದ್ದಲ. ಅದನ್ನು ಸೋಸುವುದರಲ್ಲಿದೆ ಜಾಣತನ. ಅಕ್ಕಪಕ್ಕದ ಅಂಕಿಗಳನ್ನು ತೂಕ ಹಾಕಿ ಬೆರೆಸುತ್ತಾ ಹೋದರೆ ಪಕ್ಕದ ಬಿಂದುಗಳ ನಡುವೆ ನಂಟು ಹುಟ್ಟುತ್ತದೆ. ಎಷ್ಟು ಅಗಲಕ್ಕೆ ಬೆರೆಸುತ್ತೀರೋ ಅಷ್ಟು ದೊಡ್ಡ ಸುಳಿ. ಆಮೇಲೆ ಲಂಡ್ ಹೇಳಿಕೊಟ್ಟ ಮ್ಯಾಟ್ರಿಕ್ಸ್ ಲೆಕ್ಕದಿಂದ ರೆನಾಲ್ಡ್ಸ್ ಸ್ಟ್ರೆಸ್‌ಗೆ ಹೊಂದಿಸುವುದು. 2008ರಲ್ಲಿ ಶೀ ಮತ್ತು ಕ್ಯಾಸ್ಟ್ರೊ ಇದನ್ನು ಬಹಳ ಅಗ್ಗ ಮಾಡಿದರು. ಗಾಳಿ ಹೋಗುವ ದಿಕ್ಕಿನಲ್ಲಿ ಉದ್ದಕ್ಕೂ ಸೋಸುವ ಬದಲು, ಹಿಂದಿನ ಕ್ಷಣದ ಸೀಳಿಗೆ ಹೊಸ ಸೀಳನ್ನು ಒಂದು ಘಾತದ ಸೂತ್ರದಲ್ಲಿ ಬೆರೆಸಿದರೆ ಸಾಕು ಅಂದರು. ಮೊಸರಿಗೆ ಹಿಂದಿನ ದಿನದ ಹೆಪ್ಪು ಹಾಕಿದ ಹಾಗೆ. ಓಪನ್‌ಫೋಮ್‌ನಲ್ಲಿ ಎಫ್‌ಎಸ್‌ಎಂ ಅಂತ ಒಂದು ಸ್ವಿಚ್ ಇದೆ, ಅದನ್ನು ಹಾಕಿದರೆ ಈ ದಾರಿ. ಹಾಕಿ.

ಇಲ್ಲಿ ಗಾತ್ರ ಒಂದಲ್ಲ, ಒಂಬತ್ತು. ಗಾಳಿಯ ಮೂರು ಘಟಕಕ್ಕೆ ಮೂರು ಮೂರು ದಿಕ್ಕು. ಅಷ್ಟೊಂದು ಅಂಕಿ ಎಲ್ಲಿಂದ ತರಲಿ ಅಂತ ಮೊದಲು ದಿಗಿಲಾಗುತ್ತದೆ. ಆದರೆ ನೆಲದ ಮೇಲಿನ ಗಾಳಿಗೆ ಬೇಕಾದ್ದು ಇದೇ. ಮುಂದಿನ ದಿಕ್ಕಿನ ಘಟಕಕ್ಕೆ ಉದ್ದ 83, ಅಗಲ 25, ಎತ್ತರ 20 ಇಟ್ಟೆ. ಉಳಿದ ಎರಡು ಘಟಕಕ್ಕೆ ಇನ್ನೂ ಕಡಿಮೆ. ಇವು ನನ್ನ ಆಯ್ಕೆ, ನಿಮ್ಮ ಜಾಗಕ್ಕೆ ನೀವು ಯೋಚಿಸಿ ಇಡಬೇಕು.

ಇದರ ತೊಂದರೆಯನ್ನೂ ಹೇಳಬೇಕು. ಡಿಜಿಟಲ್ ಫಿಲ್ಟರ್ ಗಾಳಿ ಡೈವರ್ಜೆನ್ಸ್ ಫ್ರೀ ಅಲ್ಲ. ಇನ್ಲೆಟ್‌ನಲ್ಲಿ ಕೊಟ್ಟ ಏರಿಳಿತ ದ್ರವ್ಯರಾಶಿ ನಿಯಮಕ್ಕೆ ಕೂಡದಿದ್ದಾಗ ಸಾಲ್ವರ್, ಅಂದರೆ ಹರಿವಿನ ಸಮೀಕರಣ ಬಿಡಿಸುವ ಭಾಗ, ಅದನ್ನು ಒತ್ತಡದಿಂದ ಸರಿಪಡಿಸಲು ನೋಡುತ್ತದೆ. ಗಾಳಿ ಕುಗ್ಗುವುದಿಲ್ಲ ಅಂತ ಹಿಡಿಯುವ ಇಂಕಂಪ್ರೆಸಿಬಲ್ ಸಾಲ್ವರ್‌ನಲ್ಲಿ ಒತ್ತಡದ ಸುದ್ದಿ ಇಡೀ ಡಬ್ಬಿಗೆ ಒಂದೇ ಕ್ಷಣಕ್ಕೆ ಮುಟ್ಟುತ್ತದೆ. ಮುಚ್ಚಿದ ಕೋಣೆಯ ಬಾಗಿಲನ್ನು ದಬಕ್ಕನೆ ಹಾಕಿದರೆ ಕಿವಿಗೆ ಗುಂ ಅನ್ನುತ್ತದಲ್ಲ, ಹಾಗೆ. ಛಾವಣಿಯ ಮೇಲೆ ನಾನು ಇಟ್ಟಿದ್ದ 40 ಬಿಂದುಗಳಲ್ಲೂ ಒಂದೇ ಕ್ಷಣಕ್ಕೆ ಒಂದೇ ಥರ ಒತ್ತಡ ಜಿಗಿಯುತ್ತಿತ್ತು. ಗಾಳಿ ಹಾಗೆ ಮಾಡುವುದಿಲ್ಲ. ಒಂದು ಮೂಲೆಯ ಎಳೆತ ಏರಿದಾಗ ಇನ್ನೊಂದು ಮೂಲೆ ಸುಮ್ನೆ ಇರಬಹುದು. ಈ ಸುಳ್ಳು ಜಿಗಿತ ನಂಬಿ ಸ್ಕ್ರೂ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು? ಮೊದಲ ಪರಿಹಾರ, ಪ್ರತಿ ಹೆಜ್ಜೆಗೂ ಇನ್ಲೆಟ್‌ನಲ್ಲಿ ಒಟ್ಟು ಒಳಹರಿವು ಬದಲಾಗದ ಹಾಗೆ ತಿದ್ದುವುದು. ಎರಡನೆಯದು 2013ರಲ್ಲಿ ಕಿಮ್, ಕ್ಯಾಸ್ಟ್ರೊ, ಶೀ ಹೇಳಿದ್ದು. ಏರಿಳಿತವನ್ನು ಇನ್ಲೆಟ್‌ನಲ್ಲೇ ಹಾಕದೆ ಸ್ವಲ್ಪ ಒಳಗಿನ ಒಂದು ಸೀಳಿನಲ್ಲಿ, ಸಾಲ್ವರ್ ಒತ್ತಡ ಸರಿಪಡಿಸುವ ಮೊದಲೇ ಸೇರಿಸುವುದು. ಆಗ ಆ ತಿದ್ದುಪಡಿಯೇ ಅದನ್ನು ನಿಯಮಕ್ಕೆ ತರುತ್ತದೆ. ಅದಕ್ಕೆ ಸಾಲ್ವರ್ ಕೋಡ್ ಮುಟ್ಟಬೇಕು. ನಾನು ಮೊದಲನೆಯದನ್ನೇ ಮಾಡಿದೆ. ಜಿಗಿತ ಪೂರ್ತಿ ಹೋಗಲಿಲ್ಲ, ಆದರೆ ಮೂಲೆಯ ನಿಜವಾದ ಏರಿಳಿತದ ಮುಂದೆ ಬಹಳ ಚಿಕ್ಕದಾಯಿತು.

ಈ ಜಿಗಿತ ನನ್ನ ಕಣ್ಣಿಗೆ ಬಿದ್ದದ್ದು ಖಾಲಿ ಡಬ್ಬಿಯಿಂದ. ಈ ಬರಹದಲ್ಲಿ ನೀವು ಒಂದೇ ಮಾತು ತಗೊಂಡು ಹೋಗುವುದಾದರೆ ಇದನ್ನು ತಗೊಳ್ಳಿ. ಯಾವ ಇನ್ಲೆಟ್ ಆದರೂ ಸರಿ, ಮೊದಲು ಕಟ್ಟಡ ತೆಗೆದುಹಾಕಿ, ಅದೇ ಡಬ್ಬಿ, ಅದೇ ಸೆಲ್ ಗಾತ್ರ, ಬರೀ ನೆಲ ಇಟ್ಟು ಓಡಿಸಿ. ಕಟ್ಟಡ ನಿಲ್ಲಬೇಕಿದ್ದ ಜಾಗದಲ್ಲಿ ಒಂದು ಕಂಬದ ಹಾಗೆ ಬಿಂದುಗಳನ್ನು ಇಟ್ಟು ಸರಾಸರಿ ವೇಗ, ಟರ್ಬುಲೆನ್ಸ್ ತೀವ್ರತೆ, ಸ್ಪೆಕ್ಟ್ರಮ್ (ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಅನ್ನುವ ಗೆರೆ), ಒತ್ತಡ ನಾಲ್ಕನ್ನೂ ಬರೆದುಕೊಳ್ಳಿ. ಇನ್ಲೆಟ್‌ನಲ್ಲಿ ಏನು ಬರೆದಿರಿ ಅನ್ನುವುದು ಮುಖ್ಯವೇ ಅಲ್ಲ, ಕಟ್ಟಡಕ್ಕೆ ಏನು ಮುಟ್ಟಿತು ಅನ್ನುವುದು ಮುಖ್ಯ. ಯಾವ ಕೃತಕ ವಿಧಾನದಲ್ಲೂ ಸುಳಿಗಳು ನಿಜವಾದ ರೂಪಕ್ಕೆ ಬರಲು ಒಂದಷ್ಟು ದೂರ ಬೇಕು. ನನ್ನ ಖಾಲಿ ಡಬ್ಬಿಯಲ್ಲಿ ಶೆಡ್ಡಿನ ಎತ್ತರದಲ್ಲಿ, ಇನ್ಲೆಟ್‌ನಲ್ಲಿ 19 ಕೊಟ್ಟದ್ದು 22 ಮೀಟರ್ ಸುಳಿಯ ಡಿಎಫ್‌ಸೆಮ್‌ನಲ್ಲಿ 15ಕ್ಕೆ ಇಳಿದಿತ್ತು, ಡಿಜಿಟಲ್ ಫಿಲ್ಟರ್‌ನಲ್ಲಿ 17ಕ್ಕೆ. ಆಮೇಲೆ ಇನ್ಲೆಟ್ ಅಂಕಿಯನ್ನು ಸ್ವಲ್ಪ ಏರಿಸಿ ಶೆಡ್ಡಿನ ಜಾಗದಲ್ಲಿ 19 ಬರುವ ಹಾಗೆ ಮಾಡಿಕೊಂಡೆ. ಎರಡು ಸಲ ತಿದ್ದಿದರೆ ಸರಿಹೋಯಿತು. ಈ ಕೆಲಸ ಮಾಡದೆ ಕಟ್ಟಡ ಇಟ್ಟು ಓಡಿಸಿ ಬಣ್ಣ ಬಣ್ಣದ ಚಿತ್ರ ತೋರಿಸುವ ರಿಪೋರ್ಟುಗಳನ್ನು ನಾನು ನೋಡಿದ್ದೇನೆ. ಅಂಥವರ ಮೇಲೆ ಕೋಪಕ್ಕಿಂತ ಆ ಛಾವಣಿಯ ಕೆಳಗೆ ಮೂಟೆ ಹೊರುವವರ ಚಿಂತೆ ಜಾಸ್ತಿ ಆಗುತ್ತದೆ.

ಸ್ಪೆಕ್ಟ್ರಮ್ ಬಗ್ಗೆ ಒಂದು ಮಾತು. ನನ್ನ ಇನ್ಲೆಟ್‌ನಲ್ಲಿ ಡಿಜಿಟಲ್ ಫಿಲ್ಟರ್ ಕೊಟ್ಟ ಸ್ಪೆಕ್ಟ್ರಮ್ ಚಿಕ್ಕ ಸುಳಿಗಳ ಕಡೆ ನಿಜಕ್ಕಿಂತ ಬೇರೆಯಾಗಿ ಇಳಿಯುತ್ತಿತ್ತು. 45 ಮೀಟರ್ ಒಳಗೆ ಬಂದ ಮೇಲೆ, ಶೆಡ್ಡಿನ ಜಾಗದಲ್ಲಿ, ಮೆಶ್ ಹಿಡಿಯುವಷ್ಟು ಗಾತ್ರದ ತನಕ ಅದು ನಿಜವಾದ ಗಾಳಿಗೆ ಮಾದರಿ ಅಂತ ಬಳಸುವ ವಾನ್ ಕಾರ್ಮನ್ ಗೆರೆಯ ಮೇಲೆ ಚೆನ್ನಾಗಿ ಕೂತಿತು. ಆ ಗ್ರಾಫ್ ಬಂದ ದಿನ ನನಗಾದ ಖುಷಿ ಹೇಳಲಾರೆ.

ಕಬ್ಬಿನ ವಿಷಯ ಬಿಡುವ ಹಾಗಿಲ್ಲ. ಶೆಡ್ಡಿನ ಮೂರು ಕಡೆ ಕಬ್ಬು. ನೆಲದ ಒರಟುತನದ ಅಳತೆ ಸಾಮಾನ್ಯವಾಗಿ ಬೆಳೆಯ ಎತ್ತರದ ಹತ್ತನೇ ಒಂದು ಭಾಗ ಅಂತ ಹಿಡಿಯುತ್ತಾರೆ. ಮೂರು ಮೀಟರ್ ಬೆಳೆದ ಕಬ್ಬಿಗೆ ಅದು 0.3 ಮೀಟರ್. ಕಟಾವಾದ ಗದ್ದೆಗೆ 0.02 ಸುತ್ತ. ಕೋಡಿನಲ್ಲಿ 2ನೇ ವರ್ಗದ ನೆಲಕ್ಕೆ 0.02, 3ನೇ ವರ್ಗಕ್ಕೆ 0.2. ಅಂದರೆ ಅದೇ ಜಾಗ ವರ್ಷದ ಒಂದು ಭಾಗ 3ನೇ ವರ್ಗದ ಹಾಗೆ, ಇನ್ನೊಂದು ಭಾಗ 2ನೇ ವರ್ಗದ ಹಾಗೆ. ಕಬ್ಬು ನಿಂತಿದ್ದರೆ ಸರಾಸರಿ ಗಾಳಿ ನಿಧಾನ, ಆದರೆ ಏರಿಳಿತ ಜಾಸ್ತಿ. ಕಟಾವಾಗಿದ್ದರೆ ತಿರುಗುಮುರುಗು. ಹಾಗಾಗಿ ಎರಡು ಇನ್ಲೆಟ್ ಮಾಡಿ ಎರಡು ರನ್ ಓಡಿಸಿದೆ. ಮೂಲೆಯ ಗರಿಷ್ಠ ಎಳೆತ ಕಟಾವಾದ ಗದ್ದೆಯಲ್ಲೇ ಜಾಸ್ತಿ ಬಂತು. ಸುತ್ತ ಕಟಾವು ಮುಗಿದು ನೆಲ ಬಯಲಾಗಿರುವ ಬೇಸಿಗೆಯಲ್ಲೇ ಶೀಟು ಹಾರಿದ್ದು ಅಂತ ಮಾಲೀಕರು ಹೇಳಿದಾಗ ಈ ಲೆಕ್ಕದ ಮೇಲೆ ನಂಬಿಕೆ ಬಂತು.

ಆದರೆ ಭರಣಿ ಮಳೆಯ ಗಾಳಿ ಗುಡುಗು ಮೋಡದಿಂದ ಕೆಳಗೆ ಸುರಿದು ನೆಲಕ್ಕೆ ಬಡಿದು ಹರಡುವ ಗಾಳಿ. ಅದರಲ್ಲಿ ಎತ್ತರಕ್ಕೆ ಹೋದ ಹಾಗೆ ವೇಗ ಏರುತ್ತಾ ಹೋಗುವ ಮಾಮೂಲಿ ಲಾಗ್ ಗೆರೆ ಇರುವುದಿಲ್ಲ. ಅತಿ ಜೋರು ಗಾಳಿ ನೆಲದ ಹತ್ತಿರವೇ ಇರಬಹುದು, ಮತ್ತು ಎಲ್ಲ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಈ ಎರಡು ಇನ್ಲೆಟ್‌ಗಳೂ ಹತ್ತು ನಿಮಿಷ ಒಂದೇ ಸಮ ಬೀಸುವ ಗಾಳಿಗೆ ಮಾಡಿದವು. ಗುಡುಗು ಗಾಳಿಯನ್ನು ಇವು ತೋರಿಸುವುದಿಲ್ಲ. ಮಾಲೀಕರಿಗೂ ಇದನ್ನು ಸ್ಪಷ್ಟವಾಗಿ ಬರೆದುಕೊಟ್ಟಿದ್ದೇನೆ, ಅದಕ್ಕಾಗಿಯೇ ಮೂಲೆಯ ಸ್ಕ್ರೂ ಲೆಕ್ಕದಲ್ಲಿ ಹೆಚ್ಚಿನ ಅಂತರ ಇಟ್ಟಿದ್ದೇನೆ.

ಯಂತ್ರದ ಬಗ್ಗೆ ಕೇಳುವವರಿಗೆ. 16 ಕೋರ್, 64 ಜಿಬಿ ಮೆಮೊರಿ, ಉಬುಂಟು. 600 ಸೆಕೆಂಡಿನ ಗಾಳಿಗೆ ಸುಮಾರು ಮೂರು ದಿನ. 600 ಯಾಕೆ ಅಂದರೆ, ಸೆಕೆಂಡಿಗೆ 22 ಮೀಟರ್‌ನಲ್ಲಿ ಅಷ್ಟು ಹೊತ್ತಿಗೆ 13 ಕಿಲೋಮೀಟರ್ ಗಾಳಿ ದಾಟುತ್ತದೆ, ಅಂದರೆ 83 ಮೀಟರ್ ಸುಳಿ ಸುಮಾರು 160. ಗರಿಷ್ಠ ಎಳೆತದ ಮಾತಾಡಲು ಅಷ್ಟಾದರೂ ಬೇಕು. ನೂರು ಸೆಕೆಂಡ್ ಓಡಿಸಿ ಗರಿಷ್ಠ ಹೇಳುವವರನ್ನು ನಂಬಬೇಡಿ. ಇನ್ಲೆಟ್‌ನಿಂದ ಆಗುವ ಹೆಚ್ಚುವರಿ ಹೊರೆ ಎರಡರಲ್ಲೂ ನನಗೆ ದೊಡ್ಡದಾಗಿ ಕಾಣಲಿಲ್ಲ, ಎಫ್‌ಎಸ್‌ಎಂ ಹಾಕದೆ ಓಡಿಸಿದ ಡಿಜಿಟಲ್ ಫಿಲ್ಟರ್ ಒಂದನ್ನು ಬಿಟ್ಟು. ಕರೆಂಟ್ ಹೋಗುವ ಜಾಗದಲ್ಲಿದ್ದರೆ ಪ್ರತಿ 20 ಸೆಕೆಂಡ್ ಗಾಳಿಗೊಮ್ಮೆ ಉಳಿಸಿಕೊಳ್ಳಿ. ಮತ್ತೆ ಶುರು ಮಾಡಿದ ಮೇಲೆ ಮೊದಲ ಎರಡು ಸುತ್ತಿನ ಗಾಳಿಯನ್ನು, ಅಂದರೆ ನನ್ನ ಡಬ್ಬಿಗೆ ಸುಮಾರು 20 ಸೆಕೆಂಡ್, ಲೆಕ್ಕದಿಂದ ಬಿಡಿ.

ದಾಖಲೆಗಳ ಬಗ್ಗೆ ನನ್ನ ಅಸಮಾಧಾನ ಇದೆ. ಯಾವ ಅಂಕಿಯ ಹೆಸರು ಏನು ಅಂತ ಬರೆದಿದ್ದಾರೆ, ಎಷ್ಟು ಇಡಬೇಕು ಮತ್ತು ಯಾಕೆ ಅಂತ ಕಡಿಮೆ. ಹೊಸದಾಗಿ ಕಲಿಯುವ ನಮ್ಮ ಕಡೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಮೊದಲ ತಿಂಗಳು ಕಷ್ಟವೇ. ಆದರೆ ಕೋಡ್ ತೆರೆದಿದೆ, ಓದಬಹುದು. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಆ 0.41 ನನಗೆ ಎಂದಿಗೂ ಸಿಗುತ್ತಿರಲಿಲ್ಲ, ಅಲ್ವಾ?

ಕಟ್ಟಡದ ಗಾಳಿಗೆ ಡಿಜಿಟಲ್ ಫಿಲ್ಟರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಒತ್ತಡದ ಜಿಗಿತಕ್ಕೆ. ಡಿಎಫ್‌ಸೆಮ್‌ಗೆ ಇದೇ ಕೆಲಸದಲ್ಲಿ ಎರಡೂವರೆ, ಡಕ್ಟ್ ಕೆಲಸದಲ್ಲಿ ನಾಲ್ಕೂವರೆ. ಶೆಡ್ಡಿನ ಮೂಲೆಯಿಂದ ಎರಡು ಮೀಟರ್ ಒಳಗಿನ ತನಕ ಸ್ಕ್ರೂ ಸಾಲು ದಟ್ಟ ಮಾಡಿದ್ದೇವೆ, ಪ್ಯಾನೆಲ್‌ಗಳು ಅಂಚಿನಿಂದ ಹಿಂದೆ ಸರಿದಿವೆ. ಗಾಳಿ 45 ಡಿಗ್ರಿ ಓರೆಯಾಗಿ ಮೂಲೆಗೆ ಬಡಿದಾಗ ಏಳುವ ಶಂಕುವಿನಾಕಾರದ ಸುಳಿಗೆ ಇನ್ನೊಂದು ರನ್ ಬಾಕಿ ಇದೆ. ಅದು ನಿನ್ನೆ ರಾತ್ರಿ ಶುರುವಾಗಿದೆ, ಈಗ 140ನೇ ಸೆಕೆಂಡಿನಲ್ಲಿದೆ.